ಬರ್ಲಿನ್‌ನಲ್ಲಿ ಕೂತು ನಿಮ್ಮ ರೆಸ್ಯೂಮೆ ಓದುವಾಗ

ಬರ್ಲಿನ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್‌ಗಳ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಬಂದ ಅರ್ಜಿ ಓದುವುದೂ ನನ್ನ ಕೆಲಸವೇ. ಜುಲೈ ಬಂತೆಂದರೆ ಊರ ಕಡೆಯಿಂದ ಮೆಸೇಜ್ ಶುರು: ‘ಅಣ್ಣಾ, ಬಿಇ ಮುಗೀತು, ಅಲ್ಲೇ ಎಲ್ಲಾದ್ರೂ ಕೆಲಸ ಸಿಗುತ್ತಾ?’

ಸಿಗುತ್ತದೆ. ಆದರೆ ಕಾಲೇಜಿನಿಂದ ನೇರವಾಗಿ ಸಿಗುವುದು ಅಪರೂಪ. ಅಡ್ಡಿ ವೀಸಾ ಅಂತ ತುಂಬಾ ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ಹೊಸಬರಿಗೆ ಕೆಲಸ ಕಲಿಸಲು ತಿಂಗಳುಗಟ್ಟಲೆ ಬೇಕು. ಕಲಿಸಲು ತಯಾರಿರುವ ಕಂಪನಿಗೆ ಇಲ್ಲಿನ ಯೂನಿವರ್ಸಿಟಿಗಳಲ್ಲೇ ಹುಡುಗರು ಸಿಗುತ್ತಾರೆ, ನಾಳೆಯೇ ಬಂದು ಕೂರುತ್ತಾರೆ. ನಿಮಗಾಗಿ ಕಾಯಬೇಕು ಅಂತ ಮ್ಯಾನೇಜರ್‌ಗೆ ಅನ್ನಿಸಲು ಏನಾದರೂ ಕಾರಣ ಬೇಕಲ್ವಾ?

ಅದಕ್ಕೇ ನಾನು ಹೇಳುವುದು: ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ವರ್ಷ ಕೆಲಸ ಮಾಡಿ, ಆಮೇಲೆ ಅರ್ಜಿ ಹಾಕಿ. ವೀಸಾ ವಿಷಯದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಓದಿದವರಿಗೆ ಕೊಡುವ ಕೆಲಸದ ವೀಸಾ, ಜರ್ಮನಿಯ ಬ್ಲೂ ಕಾರ್ಡ್‌ಗೆ ಕನಿಷ್ಠ ಸಂಬಳದ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೊ. ಡಿಗ್ರಿ ಮುಗಿಸಿ 3 ವರ್ಷ ದಾಟದವರಿಗೆ 43,759.80 ಯೂರೊ ಸಾಕಿತ್ತು. ಐಟಿ ಕೆಲಸಗಳಿಗೂ ಇದೇ ಕಡಿಮೆ ಮಿತಿ. ವರ್ಷ ವರ್ಷವೂ ಬದಲಾಗುತ್ತದೆ, ನೋಡಿಕೊಳ್ಳಿ.

ಹಿಂದೊಮ್ಮೆ ಒಂದೇ ದಿನ ಎರಡು ರೆಸ್ಯೂಮೆ ಓದಿದ್ದೆ. ಒಂದರಲ್ಲಿ ಹದಿನೆಂಟು ಟೆಕ್ನಾಲಜಿಗಳ ಹೆಸರು, ಕೆಳಗೆ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’. ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್. ಅದರಲ್ಲಿ ಇವರ ಪಾಲೇನು ಅಂತ ಎಲ್ಲೂ ಇಲ್ಲ. ಇನ್ನೊಂದು ಶಿರಸಿ ಕಡೆಯ ಹುಡುಗಿಯದು. ಹುಬ್ಬಳ್ಳಿಯಲ್ಲಿ ಒಂದೂವರೆ ವರ್ಷದ ಅನುಭವ. ಜೊತೆಗೆ ಅಡಿಕೆಯ ದಿನದ ರೇಟನ್ನು ಅಪ್ಪನ ಫೋನಿಗೆ ಕಳಿಸುವ ಚಿಕ್ಕ ಪ್ರೋಗ್ರಾಮ್, ಕೋಡೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಗಿಟ್‌ಹಬ್ ಸೈಟ್‌ನಲ್ಲಿ.

ಇಂಟರ್‌ವ್ಯೂನಲ್ಲಿ ಕೇಳಿದೆ, ‘ರೇಟ್ ತಪ್ಪಾಗಿ ಬಂದರೆ?’

‘ಒಮ್ಮೆ ಬಂತು ಸರ್. ಒಂದು ಸೊನ್ನೆ ಜಾಸ್ತಿ ಇತ್ತು. ಅಪ್ಪ ಗಾಬರಿಯಾಗಿ ಫೋನ್ ಮಾಡಿದ್ರು. ಆಮೇಲೆ, ಹಿಂದಿನ ದಿನಕ್ಕಿಂತ ತೀರಾ ವ್ಯತ್ಯಾಸ ಇದ್ರೆ ಮೆಸೇಜ್ ಹೋಗದ ಹಾಗೆ ಚೆಕ್ ಹಾಕಿದೆ.’ ಆ ಚೆಕ್‌ಗೆ ಬರೆದ ಟೆಸ್ಟನ್ನೂ ಸ್ಕ್ರೀನ್ ಮೇಲೆ ತೋರಿಸಿದಳು. ನಾವು ಹುಡುಕುವುದು ಇಂಥ ಉತ್ತರವನ್ನೇ. ಈಗ ಅವಳು ನಮ್ಮ ತಂಡದಲ್ಲಿದ್ದಾಳೆ.

2024ರ ಜೂನ್‌ನಿಂದ ‘ಚಾನ್ಸೆನ್‌ಕಾರ್ಟೆ’ ಎಂಬ ವೀಸಾ ಇದೆ. ಕೆಲಸ ಇಲ್ಲದೆಯೂ ಬಂದು, ಒಂದು ವರ್ಷದವರೆಗೆ ಇಲ್ಲಿದ್ದು ಹುಡುಕಬಹುದು. ಫ್ರೆಶರ್‌ಗಳಿಗೆ ನಾನಂತೂ ಬೇಡ ಅನ್ನುತ್ತೇನೆ. ಖರ್ಚಿಗೆ ತಿಂಗಳಿಗೆ 1,091 ಯೂರೊ ಇದೆ ಅಂತ ತೋರಿಸಬೇಕಿತ್ತು, 2025ರ ಲೆಕ್ಕ ಇದು. ವರ್ಷಕ್ಕೆ 12 ಲಕ್ಷ ರೂಪಾಯಿಗೂ ಜಾಸ್ತಿ. ಅಪ್ಪನ ಸಾಲದ ಮೇಲೆ ಇಷ್ಟು ದೊಡ್ಡ ಪಣ ಕಟ್ಟಬೇಡಿ. ಅದರ ಬದಲು ಸಂಜೆ ಹೊತ್ತು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಆನ್‌ಲೈನ್‌ನಲ್ಲೋ ಜರ್ಮನ್ ಕಲಿಯಿರಿ. ಬರ್ಲಿನ್‌ನಲ್ಲಿ ಇಂಗ್ಲಿಷ್ ನಡೆಯುತ್ತದೆ. ಬೇರೆ ಊರುಗಳಲ್ಲಿ ಜರ್ಮನ್ ಬಲ್ಲವರಿಗೆ ಬಾಗಿಲು ಬೇಗ ತೆರೆಯುತ್ತದೆ.

ದುಡ್ಡು ಕೊಟ್ಟರೆ ಆಫರ್ ಲೆಟರ್ ಕೊಡಿಸುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಅಂತ ನಂಬಿಸಿ ನಮ್ಮ ಹುಡುಗರನ್ನು ಮ್ಯಾನ್ಮಾರ್‌ಗೆ ಸಾಗಿಸಿ, ಸೈಬರ್ ವಂಚನೆ ಮಾಡಿಸಿದ್ದಾರೆ. ವಿದೇಶಾಂಗ ಸಚಿವಾಲಯ 2022ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಏಜೆಂಟ್ ನೋಂದಣಿ ಆಗಿದ್ದಾನೋ ಇಲ್ಲವೋ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು.

ಇನ್ನು ಕಾಗದಪತ್ರ. ವಿದೇಶದ ಡಿಗ್ರಿಗಳ ಮಾನ್ಯತೆ ತಿಳಿಸುವ ‘ಅನಾಬಿನ್’ ಎಂಬ ಜರ್ಮನ್ ಡೇಟಾಬೇಸ್‌ನಲ್ಲಿ ನಿಮ್ಮ ಯೂನಿವರ್ಸಿಟಿಗೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆ, ಇದೆಯಾ, ನಿಮ್ಮ ಡಿಗ್ರಿಯೂ ಪಟ್ಟಿಯಲ್ಲಿದೆಯಾ ನೋಡಿ. ಕಾಲೇಜಿನ ಹೆಸರು ಹಾಕಿ ‘ಸಿಗ್ತಿಲ್ಲ’ ಅಂತ ಸುಮ್ನೆ ಹೆದರುತ್ತಾರೆ. ಡಿಗ್ರಿ ಕೊಟ್ಟಿದ್ದು ವಿಟಿಯು ಆಗಿದ್ದರೆ ಹುಡುಕಬೇಕಾದದ್ದು ವಿಟಿಯುವನ್ನು.

ಹಾಗೇ ನಿಮ್ಮ ಇನಿಷಿಯಲ್. ಆ ಶಿರಸಿ ಹುಡುಗಿಯ ಡಿಗ್ರಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ ಇತ್ತು. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರು, ಊರ ಹೆಸರು. ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಿ, ಅನುವಾದ ಮಾಡಿಸಿ ಕಳಿಸುವ ಹೊತ್ತಿಗೆ ಎರಡು ತಿಂಗಳು ಹೋಯಿತು. ಫೈನಲ್ ಇಯರ್‌ನಲ್ಲಿದ್ದರೆ ಇವತ್ತೇ ಮಾರ್ಕ್ಸ್ ಕಾರ್ಡನ್ನೂ ಪಾಸ್‌ಪೋರ್ಟನ್ನೂ ಪಕ್ಕದಲ್ಲಿಟ್ಟು, ಹೆಸರನ್ನು ಒಂದೊಂದೇ ಅಕ್ಷರ ಓದಿ ನೋಡಿ.