ಒಡೆದ ಉಪಗ್ರಹದ ಚೂರುಗಳು ನಮ್ಮ ತಲೆ ಮೇಲೆ ಬೀಳುತ್ತವೆಯೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಇಲ್ಲ, ಕೂಡಲೇ ಬೀಳುವುದಿಲ್ಲ. ಬಿದ್ದು ಉರಿದುಹೋಗಿದ್ದರೆ ಬಾಹ್ಯಾಕಾಶದ ಕಸದ ಈ ತಲೆನೋವೇ ಇರುತ್ತಿರಲಿಲ್ಲ.

ಉಪಗ್ರಹವನ್ನು ಅದರ ಎಂಜಿನ್ ಎತ್ತಿ ಹಿಡಿದಿರುತ್ತದೆ, ಕೆಟ್ಟರೆ ವಿಮಾನದಂತೆ ಉದುರುತ್ತದೆ ಎಂಬ ಕಲ್ಪನೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಅದನ್ನು ಕಕ್ಷೆಯಲ್ಲಿ ಇಟ್ಟಿರುವುದು ವೇಗ: 800 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಉಪಗ್ರಹ ಬೀಳುತ್ತಲೇ ಇರುತ್ತದೆ, ಆದರೆ ಅದು ಬೀಳುವಷ್ಟೇ ಭೂಮಿಯೂ ಬಾಗಿಕೊಂಡು ಹೋಗುತ್ತದೆ. ಈಗ ಅದು ಒಡೆಯಿತು ಅನ್ನಿ. ಆಸ್ತಿ ಪಾಲಾದರೆ ಒಬ್ಬೊಬ್ಬರ ಕೈಗೆ ಸಿಗುವುದು ಕಡಿಮೆ. ವೇಗ ಹಾಗಲ್ಲ, ಪ್ರತಿ ಚೂರಿಗೂ ಹೆಚ್ಚುಕಡಿಮೆ ಪೂರ್ತಿಯೇ ಸಿಗುತ್ತದೆ. ಸ್ಫೋಟದ ನೂಕು ಅದರ ಮುಂದೆ ಚಿಲ್ಲರೆ. ಕೆಲವು ಚೂರು ತುಸು ಮೇಲಿನ ಕಕ್ಷೆಗೆ, ಕೆಲವು ಕೆಳಗಿನದಕ್ಕೆ ಹೋಗುತ್ತವೆ, ಅಷ್ಟೇ.

ಅವನ್ನು ವೇಗ ತಗ್ಗಿಸಿ ಇಳಿಸುವುದು ಗಾಳಿ. 2019ರ ಮಾರ್ಚ್‌ನಲ್ಲಿ ಭಾರತ ‘ಮಿಷನ್ ಶಕ್ತಿ’ಯಲ್ಲಿ ಉಪಗ್ರಹ ಹೊಡೆದದ್ದು ಸುಮಾರು 280 ಕಿ.ಮೀ. ಎತ್ತರದಲ್ಲಿ, ತೆಳುವಾಗಿಯಾದರೂ ಅಲ್ಲಿ ಗಾಳಿಯಿದೆ, ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಇಳಿದು ಉರಿದವು. ಚೀನಾ 2007ರಲ್ಲಿ ತನ್ನ ಫೆಂಗ್‌ಯುನ್-1ಸಿ ಉಪಗ್ರಹವನ್ನು ಒಡೆದದ್ದು 860 ಕಿ.ಮೀ. ಆಸುಪಾಸಿನಲ್ಲಿ. ರೇಡಾರಿಗೆ ಸಿಕ್ಕ ಚೂರುಗಳೇ 3000ಕ್ಕೂ ಹೆಚ್ಚು, ಬಹುಪಾಲು ಇಂದಿಗೂ ಸುತ್ತುತ್ತಿವೆ.

ಸಣ್ಣ ಚೂರು ಏನು ಮಾಡೀತು ಅನ್ನುವವರಿಗೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಿಟಕಿ ಗಾಜಿನಲ್ಲಿ 7 ಮಿಲಿಮೀಟರ್ ಅಗಲದ ಗುಳಿ ಬಿದ್ದಿದೆ. ಮಾಡಿದ್ದು ಬಣ್ಣದ ಸಿಪ್ಪೆಯೋ ಲೋಹದ ಕಣವೋ ಇರಬೇಕು, ಗಾತ್ರ ಒಂದು ಮಿಲಿಮೀಟರಿನ ಸಾವಿರದ ಕೆಲವು ಪಾಲು.

ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ: ಯಾರೂ ಹೊಡೆಯದೆ, ಯಾವುದೂ ಡಿಕ್ಕಿಯಾಗದೆ ಉಪಗ್ರಹ, ರಾಕೆಟ್ ಹಂತಗಳು ತಾವಾಗಿಯೇ ಒಡೆಯುವುದೇಕೆ? ಒಂದು ಕಾರಣ ಟ್ಯಾಂಕಿನಲ್ಲಿ ಉಳಿದ ಇಂಧನ. ನಮ್ಮದೇ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ಮೇಲಿನ ಹಂತ ಹಾರಿದ ಎರಡು ತಿಂಗಳಿಗೆ, 2001ರ ಡಿಸೆಂಬರ್‌ನಲ್ಲಿ, ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಆಮೇಲೆ ಇಸ್ರೋ ಕೆಲಸ ಮುಗಿದ ಹಂತದ ಇಂಧನವನ್ನು ಹೊರಬಿಡುವ ಪದ್ಧತಿ ಹಾಕಿಕೊಂಡಿತು. ಇನ್ನೊಂದು ಕಾರಣ ಬ್ಯಾಟರಿ. ಅಮೆರಿಕದ ಹವಾಮಾನ ಉಪಗ್ರಹ ಡಿಎಂಎಸ್‌ಪಿ ಎಫ್-13 ಇಪ್ಪತ್ತು ವರ್ಷ ದುಡಿದು, 2015ರಲ್ಲಿ ದಿಢೀರನೆ ಬಿಸಿಯೇರಿ ಒಡೆಯಿತು. ಬ್ಯಾಟರಿ ಪಕ್ಕದ ತಂತಿಯ ಹೊದಿಕೆ ಸವೆದು ಶಾರ್ಟ್ ಆಗಿತ್ತಂತೆ. ಆಗಲೇ ನಿವೃತ್ತಿಯಾಗಿದ್ದ ಅದರ ಅಣ್ಣ ಎಫ್-12 ಮರುವರ್ಷ ಒಡೆಯಿತು.