ಓಪಿಡಿ ಚೀಟಿಯಲ್ಲಿ ಉಳಿಯುವ ಅರ್ಧ ನಿಮಿಷ

ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯ ಬಸ್ಸುಗಳು ಕಲಬುರಗಿಗೆ ಬಂದು ನಿಂತವು ಅಂದ್ರೆ ಸಾಕು, ದೊಡ್ಡ ಆಸ್ಪತ್ರೆಗಳ ಓಪಿಡಿ (ಹೊರರೋಗಿ ವಿಭಾಗ) ಒಮ್ಮೆಲೇ ತುಂಬುತ್ತದೆ, ಚೀಟಿ ಮಾಡಿಸುವ ಪಾಳಿ ಬಾಗಿಲಾಚೆ ಹೋಗುತ್ತದೆ. ಕೌಂಟರಿನವರು ನಿಧಾನ ಅಂತ ಜನ ಬೈಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಕಥೆ ಬೇರೆ.

ಒಂದೇ ಕೌಂಟರ್, ಒಂದು ಚೀಟಿಗೆ ಸರಾಸರಿ 2 ನಿಮಿಷ ಅಂದುಕೊಳ್ಳಿ. ಗಂಟೆಗೆ 30 ಚೀಟಿ ಆಗಬಹುದು. ಯಾರು ಯಾವಾಗ ಬರುತ್ತಾರೋ ಗೊತ್ತಿಲ್ಲ, ಆದರೆ ಗಂಟೆಗೆ ಸರಾಸರಿ 24 ಜನ ಬರುತ್ತಾರೆ. ಒಮ್ಮೊಮ್ಮೆ ಜನ ಒಟ್ಟಿಗೆ ಬರುತ್ತಾರೆ, ಕೆಲವರ ಚೀಟಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಒಬ್ಬರು ಸರಾಸರಿ 8 ನಿಮಿಷ ಕಾಯಬೇಕು. 27 ಜನ ಬಂದರೆ? 18 ನಿಮಿಷ! ಹೆಚ್ಚಾದವರು ಮೂರೇ ಜನ, ಕಾಯುವುದು ಮಾತ್ರ ದುಪ್ಪಟ್ಟಿಗೂ ಜಾಸ್ತಿ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳಿಗೆಂದು ಶುರು ಮಾಡಿದ ಗಣಿತ ಇದು.

ಈಗ ಮೊಬೈಲ್ ಆ್ಯಪ್ ತನ್ನಿ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಎಲ್ಲ ಕೌಂಟರಿನ ಕಂಪ್ಯೂಟರಿಗೆ ಹೋಗುತ್ತದೆ, ಟೋಕನ್ ಬರುತ್ತದೆ. 2022ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಶುರುವಾದ ವ್ಯವಸ್ಥೆ ಇದು. ಟೈಪ್ ಮಾಡುವ ಕೆಲಸ ತಪ್ಪಿ ಚೀಟಿಗೆ ಒಂದೂವರೆ ನಿಮಿಷವಾದರೆ, ಅದೇ 27 ಜನ ಕಾಯುವುದು ಬರೀ 3 ನಿಮಿಷ. ಫೋನಿಲ್ಲದೆ ಪಾಳಿಯಲ್ಲಿ ನಿಂತ ಅಜ್ಜಿಗೂ ಇದರ ಲಾಭ ಸಿಗುತ್ತದೆ, ನನಗೆ ಅದೇ ದೊಡ್ಡದು.

ಒಂದು ಗೊಂದಲ ಬೇಡ. ಸ್ಕ್ಯಾನಿಗೆ ಬೇಕಾಗುವ 14 ಅಂಕಿಯ ಆಭಾ ನಂಬರ್ ವಿಮೆಯಲ್ಲ, ಅದು ನಿಮ್ಮ ಹಳೇ ರಿಪೋರ್ಟುಗಳನ್ನು ಜೋಡಿಸುವ ಗುರುತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವುದು ಆಯುಷ್ಮಾನ್ ಕಾರ್ಡ್, ಅದೂ ಮುಖ್ಯವಾಗಿ ಅಡ್ಮಿಟ್ ಆದರೆ. ಸುಮ್ನೆ ತೋರಿಸಿ ಮಾತ್ರೆ ಬರೆಸಿಕೊಂಡು ಬಂದ ಖರ್ಚು ಅದರಲ್ಲಿ ಬರುವುದಿಲ್ಲ. ವಿಮೆಯ ಆ್ಯಪ್‌ಗಳು ಇದನ್ನು ಮೊದಲ ಪರದೆಯಲ್ಲೇ, ಕನ್ನಡದಲ್ಲೇ ಹೇಳಬೇಕು, ಅಲ್ವಾ?

ಚೀಟಿ ಬೇಗ ಆದರೆ ಜನ ಡಾಕ್ಟರ ಬಾಗಿಲಲ್ಲಿ ಗುಂಪಾಗುತ್ತಾರೆ. ಇದಕ್ಕೂ ದಾರಿಯಿದೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಲಿ 1952ರಲ್ಲೇ ಲೆಕ್ಕ ಹಾಕಿ ಹೇಳಿದ್ದರು: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರನ್ನು ನೋಡಲು ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟಷ್ಟು ಹೊತ್ತಿಗೆ ಒಬ್ಬೊಬ್ಬರನ್ನು. ನಮ್ಮ ಆ್ಯಪ್‌ಗಳು ಟೋಕನ್ ಜೊತೆ ಟೈಮೂ ಕೊಡಲಿ. ಊರು ಯಾವುದು ಅಂತಲೂ ಕೇಳಲಿ: ಕಲಬುರಗಿಯವರಿಗೆ ಬೆಳಗಿನ ಟೈಮು, ಚಿಂಚೋಳಿಯವರಿಗೆ ಬಸ್ಸು ತಲುಪಿದ ಮೇಲಿನದ್ದು.