ಚಿಕ್ಕ ಗಾಲಿ, ದೊಡ್ಡ ಅನುಮಾನ

ತುಮಕೂರು ಸ್ಟೇಷನ್ನಿನಲ್ಲಿ ಬೆಳಗಿನ ಬೆಂಗಳೂರು ರೈಲಿಗೆ ಕಾಯುತ್ತ ನನ್ನ ಸೈಕಲ್ ಮಡಿಚತೊಡಗಿದರೆ ಒಬ್ಬರಾದರೂ ಹತ್ತಿರ ಬಂದು ನಿಲ್ಲುತ್ತಾರೆ. "ಮಗೂದಾ ಸಾರ್?" ಅನ್ನುವುದು ಮೊದಲ ಪ್ರಶ್ನೆ. ಎರಡನೆಯದು ಪ್ರಶ್ನೆಯಲ್ಲ, ಮರುಕ: "ಇಷ್ಟ್ ಚಿಕ್ ಗಾಲಿ! ನಾವ್ ಒಂದ್ಸಲ ತುಳಿಯೋ ಕಡೆ ನೀವ್ ಮೂರ್ಸಲ ತುಳೀಬೇಕಲ್ಲ, ಪಾಪ."

ಈ 'ಪಾಪ' ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಹಾಗಂದವರು ಗಣಿತದ ಮೇಷ್ಟ್ರು!

ಲೆಕ್ಕ ಹಾಕೋಣ. ಹಾಲಿನ ಕ್ಯಾನು ಕಟ್ಟುವ ದೊಡ್ಡ ಸೈಕಲ್ಲಿನ 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ ಪೆಡಲಿನ ಹತ್ತಿರದ್ದಕ್ಕೆ 44 ಹಲ್ಲು, ಹಿಂದೆ ಗಾಲಿಯದಕ್ಕೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಎರಡೂವರೆ ಸುತ್ತಿನ ಹತ್ತಿರ ತಿರುಗುತ್ತದೆ. ಅಂದರೆ 5.4 ಮೀಟರ್. ನನ್ನ 16 ಇಂಚಿನ ಗಾಲಿಯದು ಸುತ್ತಿಗೆ 1.33 ಮೀಟರ್ ಅಷ್ಟೇ. ಆದರೆ ಮುಂದೆ 52 ಹಲ್ಲು, ಹಿಂದೆ 13. ಒಂದು ತುಳಿತಕ್ಕೆ ಸರಿಯಾಗಿ ನಾಲ್ಕು ಸುತ್ತು, 5.3 ಮೀಟರ್. ಎಲ್ಲಿಗೆ ಹೋಯಿತು ಮೂರು ಪಟ್ಟು?

ಚರಕದ ಮುಂದೆ ಕೂತ ಅಜ್ಜಿಯನ್ನು ನೆನೆಸಿಕೊಳ್ಳಿ. ದೊಡ್ಡ ಚಕ್ರ ನಿಧಾನಕ್ಕೆ ಒಂದು ಸುತ್ತು ಬರುವಾಗ ಕದಿರು ಕಣ್ಣಿಗೆ ಕಾಣದಷ್ಟು ಸುತ್ತು ಸುತ್ತಿರುತ್ತದೆ. ದರ್ಜಿಯ ಮಿಷನ್ನಿನಲ್ಲಿ ಕೆಳಗೆ ದೊಡ್ಡ ಗಾಲಿ, ಮೇಲೆ ಚಿಕ್ಕದು. ಸಾಣೆಯವನು ಕಾಲಲ್ಲಿ ತುಳಿಯುವುದು ದೊಡ್ಡ ಚಕ್ರ, ಕಿಡಿ ಹಾರಿಸುವುದು ಅಂಗೈಯಗಲದ ಕಲ್ಲು. ಇವರ ಯಾರ ಮೇಲೂ ನಾವು ಮರುಕ ಪಡುವುದಿಲ್ಲ.

ಹಾಗಂತ ಈ ನಂಬಿಕೆ ಬರೀ ದಡ್ಡತನವೂ ಅಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1870ರ ದಶಕದ ಎತ್ತರದ ಸೈಕಲ್ಲುಗಳಲ್ಲಿ ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಕೂತಿತ್ತು, ಚೈನೇ ಇರಲಿಲ್ಲ. ವೇಗ ಬೇಕೆಂದರೆ ಗಾಲಿ ದೊಡ್ಡದಾಗಬೇಕು, ಗಾಲಿ ಎಷ್ಟು ದೊಡ್ಡದಾಗಬಹುದು ಅನ್ನುವುದನ್ನು ಸವಾರನ ಕಾಲಿನ ಉದ್ದ ತೀರ್ಮಾನಿಸುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂತು. ಹಿಂದಿನ ಗಾಲಿಗೆ ಚೈನ್ ಹಾಕಿದ ಈ ಮಾದರಿ ಗೆದ್ದ ಮೇಲೆ ಗಾಲಿಯ ಅಳತೆಗೂ ವೇಗಕ್ಕೂ ಇದ್ದ ಗಂಟು ಬಿಚ್ಚಿಹೋಯಿತು. ಆದರೂ ಸೈಕಲ್ ಪ್ರಿಯರು ಇಂದಿಗೂ ಗೇರನ್ನು ಇಂಚಿನಲ್ಲಿ ಹೇಳುವುದುಂಟು, ಇಷ್ಟು ಇಂಚಿನ ಎತ್ತರದ ಗಾಲಿಗೆ ಸಮ ಎಂದು. ಆ ಲೆಕ್ಕದಲ್ಲಿ ನನ್ನದು 67 ಇಂಚು. ಅಂಥ ಗಾಲಿ ನಿಜಕ್ಕೂ ಇದ್ದರೆ ಅದರ ಪೆಡಲಿಗೆ ನನ್ನ ಕಾಲು ಎಟುಕುವುದಿಲ್ಲ.

ಗಾಲಿ ಚಿಕ್ಕದೇ ಏಕಾಗಬೇಕು? ಚೌಕಟ್ಟನ್ನು ಎಲ್ಲಿ ಬೇಕಾದರೂ ಕತ್ತರಿಸಿ ಕೀಲು ಹಾಕಬಹುದು, ಗಾಲಿಯನ್ನು ಹಾಗೆ ಮಡಿಚಲಾಗದು. ಎರಡನೇ ಮಹಾಯುದ್ಧದಲ್ಲಿ ಬಿಎಸ್‌ಎ ಕಂಪನಿ ಪ್ಯಾರಾಚೂಟ್ ಸೈನಿಕರಿಗೆ ಮಾಡಿಕೊಟ್ಟ ಸೈಕಲ್ ನಡುವಿಗೆ ಮಡಿಚುತ್ತಿತ್ತು, ಗಾಲಿ ಮಾತ್ರ ದೊಡ್ಡವೇ. ನಮ್ಮ ರೈಲಿನ ಬಾಗಿಲಲ್ಲಿ ಅದನ್ನು ಹಿಡಿದು ನಿಂತರೆ ಬೈಗುಳ ಗ್ಯಾರಂಟಿ. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ತನ್ನ ಮನೆಯಲ್ಲೇ ಬ್ರಾಂಪ್ಟನ್ ಎಂಬ ಚಿಕ್ಕ ಗಾಲಿಯ ಮಡಿಚುವ ಸೈಕಲ್ಲಿನ ಮೊದಲ ಮಾದರಿ ಕಟ್ಟಿದ. ಎದುರಿಗಿದ್ದ ಚರ್ಚಿನ ಹೆಸರನ್ನೇ ಅದಕ್ಕಿಟ್ಟ. ಹಿಂದಿನ ಗಾಲಿ ಹೊಟ್ಟೆಯಡಿಗೆ ಮಗುಚಿಕೊಳ್ಳುತ್ತದೆ, ಮುಂದಿನದು ಪಕ್ಕಕ್ಕೆ ಬಂದು ಒರಗುತ್ತದೆ, ಎಣ್ಣೆ ಮೆತ್ತಿದ ಚೈನ್ ಎರಡರ ನಡುವೆ ಅಡಗುತ್ತದೆ. ಪಕ್ಕದವರ ಬಿಳಿ ಪಂಚೆ ಉಳಿಯುವುದು ಇದರಿಂದ.

ಮನೆಯ ವ್ಯಾಯಾಮದ ಸೈಕಲ್ ಕಿರಿದಾದದ್ದೂ ಒಂದು ತುಳಿತಕ್ಕೆ ಗಾಲಿಯನ್ನು ಹೆಚ್ಚು ಸುತ್ತು ತಿರುಗಿಸುವ ಇದೇ ಉಪಾಯದಿಂದ. ತುಳಿತ ಎಳೆದಾಡದೆ ನಯವಾಗಿರಬೇಕಾದರೆ ಭಾರದ ಗಾಲಿಯೊಂದು ತಿರುಗುತ್ತಿರಬೇಕು. ಆದರೆ ತಿರುಗುವ ಗಾಲಿಯ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. ಅದೇ ಅಗಲದ ಗಾಲಿಯನ್ನು ಎರಡು ಪಟ್ಟು ಜೋರಾಗಿ ತಿರುಗಿಸಿದರೆ 20 ಕೆಜಿಯ ಕೆಲಸವನ್ನು 5 ಕೆಜಿಯೇ ಮಾಡುತ್ತದೆ. ಅದನ್ನು ತಡೆಯಲು ಅಯಸ್ಕಾಂತ, ಮುಟ್ಟದೆಯೇ. ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯ ಅಂಚಿಗೂ ಇಂಥದೇ ಅಯಸ್ಕಾಂತ ಇರುತ್ತಿತ್ತು. ಇನ್ನು ವ್ಯಾಯಾಮದ ಸೈಕಲ್ ತುಳಿದು ಕರೆಂಟ್ ಬಿಲ್ ಇಳಿಸುತ್ತೇನೆ ಅನ್ನುವವರಿಗೆ: ಸಾಮಾನ್ಯ ಮನುಷ್ಯ ಒಂದು ಗಂಟೆ ಬೆವರು ಸುರಿಸಿದರೆ ಬರುವುದು ಹೆಚ್ಚೆಂದರೆ ಯೂನಿಟ್ಟಿನ ಹತ್ತನೇ ಒಂದು ಭಾಗ.

ಪಾಪ ಅನ್ನಲೇಬೇಕೆಂದರೆ ರಸ್ತೆಯ ಗುಂಡಿಗಳನ್ನು ನೋಡಿ ಅನ್ನಿ. ಪೈಪಿಗೆಂದು ರಸ್ತೆಗೆ ಅಡ್ಡಲಾಗಿ 20 ಸೆಂಟಿಮೀಟರ್ ಅಗಲಕ್ಕೆ ಅಗೆದು ಬಿಟ್ಟಿದ್ದಾರೆ ಎನ್ನಿ. ದೊಡ್ಡ ಗಾಲಿ ಅದರೊಳಗೆ ಇಳಿಯುವುದು ಒಂದೂವರೆ ಸೆಂಟಿಮೀಟರ್, ನನ್ನದು ಎರಡೂವರೆ. ಅಷ್ಟು ಸಾಕು ಬೆನ್ನುಮೂಳೆಗೆ ಗೊತ್ತಾಗಲು. ಇದನ್ನು ಅರಿತೇ ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ 1962ರ ತನ್ನ ಚಿಕ್ಕ ಗಾಲಿಯ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್, ಅಂದರೆ ಕುಲುಕು ಹೀರುವ ಏರ್ಪಾಡು, ಕೊಟ್ಟ. ಮಿನಿ ಕಾರಿನ ರಬ್ಬರ್ ಸಸ್ಪೆನ್ಷನ್ ಕೂಡ ಅವನದೇ. ನನ್ನದರಲ್ಲಿ ಹಿಂದೆ ಒಂದು ರಬ್ಬರ್ ಉಂಡೆ ಇದೆ, ಮುಂದೆ ಏನೂ ಇಲ್ಲ. ಸ್ಟೇಷನ್ನಿನಿಂದ ಮನೆಗೆ ಹೋಗುವಾಗ ಇಂಥ ಅಗೆತ ಎರಡು ಕಡೆ ಸಿಗುತ್ತವೆ. ಎರಡು ಕಡೆಯೂ ಇಳಿದು ತಳ್ಳುತ್ತೇನೆ.